ಉಪ್ಪಿನ ತೆರಿಗೆಯೂ ಜನಮನವೂ: ೧೯೩೦ರ ಒಂದು ವಾದವಿಧಾನದ ವಿವೇಚನೆ

ಸರಕಾರವೊಂದು ಕೈಗೊಳ್ಳುವ ಯಾವ ನೀತಿಗಾದರೂ ಎರಡು ಮುಖಗಳುಂಟು. ಕರದ ದರವೆಷ್ಟು, ಬೊಕ್ಕಸಕ್ಕೆ ಬರುವ ಉತ್ಪನ್ನವೆಷ್ಟು, ಹೊರೆ ಯಾರ ಮೇಲೆ ಎಷ್ಟು ಎಂದು ಅಂಕಿಗಳಿಂದ ಅಳೆಯಬಹುದಾದದ್ದು ಒಂದು. ಅದು ನ್ಯಾಯವೋ ಅನ್ಯಾಯವೋ ಎಂದು ಜನರು ತಮ್ಮ ಬಾಳಿನ ಅಳತೆಗೋಲಿನಿಂದಲೇ ನಿರ್ಣಯಿಸಿಕೊಳ್ಳುವುದು ಇನ್ನೊಂದು. ಮೊದಲನೆಯದು ಸಚಿವಾಲಯಗಳಲ್ಲಿಯೂ ಶಾಸನಸಭೆಗಳಲ್ಲಿಯೂ ಚರ್ಚೆಗೆ ಬರುತ್ತದೆ. ಎರಡನೆಯದು ಸಂತೆಯಲ್ಲಿ, ಜಗಲಿಯಲ್ಲಿ, ಅಡುಗೆಮನೆಯಲ್ಲಿ ಚರ್ಚೆಗೆ ಬರುತ್ತದೆ. ಒಂದು ಕಡೆಯ ವಿಷಯವನ್ನು ಇನ್ನೊಂದು ಕಡೆಯವರಿಗೆ ಮನದಟ್ಟು ಮಾಡಿಕೊಡುವುದು ಹೇಗೆಂಬುದು ರಾಜ್ಯಶಾಸ್ತ್ರದ ಹಳೆಯ ಪ್ರಶ್ನೆ. ಪ್ರಸ್ತುತ ಲೇಖನದಲ್ಲಿ ಆ ಪ್ರಶ್ನೆಯನ್ನು ನಮ್ಮ ದೇಶದ ಇತಿಹಾಸದಿಂದಲೇ ಆರಿಸಿಕೊಂಡ ಒಂದು ಪ್ರಸಂಗದ ಮೂಲಕ ಪರಿಶೀಲಿಸಲು ಯತ್ನಿಸಿದೆ. ಆ ಪ್ರಸಂಗ ೧೯೩೦ರ ಉಪ್ಪಿನ ಸತ್ಯಾಗ್ರಹ.

ದಂಡಿಯಾತ್ರೆಯ ಕಥೆ ಶಾಲೆಯ ಮಕ್ಕಳಿಗೂ ತಿಳಿದದ್ದು. ಕಾಲೇಜು ತರಗತಿಗಳಲ್ಲಿಯೂ ಅದನ್ನು ನಾವು ಸಾಮಾನ್ಯವಾಗಿ ಧೈರ್ಯದ ಕಥೆಯಾಗಿ, ತ್ಯಾಗದ ಕಥೆಯಾಗಿ ಹೇಳಿ ಮುಗಿಸುತ್ತೇವೆ. ಅದು ಸುಳ್ಳಲ್ಲ. ಆದರೆ ಅದು ಒಂದು ಕರನೀತಿಯನ್ನು ಕುರಿತ ವಾದವೂ ಆಗಿತ್ತೆಂಬುದು ಇದರಿಂದ ಮರೆಯಾಗಿಬಿಡುತ್ತದೆ. ಉಪ್ಪನ್ನೇ ಏಕೆ ಆರಿಸಲಾಯಿತು ಎಂದು ಕೇಳಿದರೆ, ಉಪ್ಪು ಎಲ್ಲರಿಗೂ ಬೇಕಾದ ವಸ್ತುವಾದ್ದರಿಂದ ಎಂಬ ಉತ್ತರ ಸಿದ್ಧವಾಗಿ ಬರುತ್ತದೆ. ಇದು ಸಾಲದ ಉತ್ತರ. ೧೮೮೫ರಲ್ಲಿಯೂ ೧೯೦೨ರಲ್ಲಿಯೂ ಎಲ್ಲರಿಗೂ ಉಪ್ಪು ಬೇಕಾಗಿಯೇ ಇತ್ತು. ಆಗಲೂ ತೆರಿಗೆಯಿತ್ತು, ತೆರಿಗೆಗೆ ಆಕ್ಷೇಪಣೆಯೂ ಇತ್ತು. ಆದರೂ ಯಾವ ಹಳ್ಳಿಯೂ ಎದ್ದು ನಿಲ್ಲಲಿಲ್ಲ.

ಮೊದಲು ತೆರಿಗೆಯ ಸ್ವರೂಪವನ್ನು ಸ್ವಲ್ಪದರಲ್ಲಿ ಹೇಳಬೇಕು. ಉಪ್ಪಿನ ತಯಾರಿಕೆಯ ಮೇಲೆ ಸರಕಾರದ ಹತೋಟಿಯಿದ್ದು, ಮಾರಾಟಕ್ಕೆ ಮುನ್ನವೇ ಮಣಕ್ಕೆ ಇಷ್ಟೆಂದು ಕರ ತೆರಬೇಕಾಗಿತ್ತು. (ಇಲ್ಲಿ ಮಣವೆಂದರೆ ಸುಮಾರು ೮೨ ಪೌಂಡಿನ ಸರಕಾರಿ ಮಣ, ನಮ್ಮ ಕಡೆಯ ಹಳೆಯ ಚಿಕ್ಕ ಮಣವಲ್ಲ, ವಿದ್ಯಾರ್ಥಿಗಳು ಇದನ್ನು ಆಗಾಗ ಒಂದಕ್ಕೊಂದು ಬೆರೆಸಿಬಿಡುತ್ತಾರೆ.) ೧೮೮೮ರಲ್ಲಿ ಈ ದರ ೨ ರೂಪಾಯಿ ೮ ಆಣೆಗೆ ಏರಿತು. ಸಮುದ್ರದ ನೀರು ಬತ್ತಿ ದಡದಲ್ಲಿ ತಾನಾಗಿ ಹೆಪ್ಪುಗಟ್ಟಿದ ಉಪ್ಪನ್ನು ಬಾಚಿಕೊಳ್ಳುವುದು ಕೂಡ ಅಪರಾಧವಾಗಿತ್ತು. ಇದರ ಸಮರ್ಥನೆಗೆ ಆಡಳಿತಗಾರರ ಬಳಿ ಒಂದು ವಾದವಿತ್ತು. ಬಡಜನರ ಬಹುಭಾಗವನ್ನು ನೇರ ತೆರಿಗೆಗಳಿಂದ ಮುಟ್ಟುವುದು ಯಾವ ದೇಶದಲ್ಲಿಯೂ ಆಗದ ಮಾತು. ರಾಜ್ಯದ ವೆಚ್ಚಕ್ಕೆ ಅವರೂ ಏನಾದರೂ ಕೊಡಬೇಕಾದರೆ ಉಪ್ಪಿನಂಥ ವಸ್ತುವಿನ ಮೇಲಿನ ಕರವೇ ತಕ್ಕ ಮಾರ್ಗ ಎಂದು ೧೮೬೯ರಲ್ಲಿ ಭಾರತ ಮಂತ್ರಿಯಾಗಿದ್ದ ಆರ್ಗೈಲ್ ಡ್ಯೂಕನು ಬರೆದಿದ್ದನು. ಈ ವಾದವನ್ನು ಕೇವಲ ದುರುದ್ದೇಶದ್ದೆಂದು ತಳ್ಳಿಹಾಕುವುದು ಇತಿಹಾಸಕಾರನಿಗೆ ತಕ್ಕದ್ದಲ್ಲ. ಎಲ್ಲರೂ ಅಷ್ಟಿಷ್ಟು ಹೊರೆ ಹೊರಬೇಕೆಂಬ ಒಂದು ನ್ಯಾಯಭಾವನೆ ಅದರ ಹಿಂದೆಯೂ ಇದೆ.

ಇದಕ್ಕೆ ಎದುರಾಗಿ ಎದ್ದ ಮೊದಲ ಪೀಳಿಗೆಯ ವಾದ ಅಂಕಿಗಳದು. ೧೮೮೫ರ ಮುಂಬಯಿ ಕಾಂಗ್ರೆಸ್ಸಿನಲ್ಲಿಯೇ ಉಪ್ಪಿನ ಕರದ ಮಾತು ಬಂದಿತ್ತು. ದಾದಾಭಾಯಿ ನವರೋಜಿಯವರು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಅದನ್ನು ಎತ್ತಿದರು. ಗೋಪಾಲಕೃಷ್ಣ ಗೋಖಲೆಯವರು ೧೯೦೨ರಲ್ಲಿ ವೈಸ್‌ರಾಯ್ ಅವರ ಶಾಸನಸಭೆಯಲ್ಲಿ ಆಯವ್ಯಯದ ಮೇಲೆ ಮಾಡಿದ ಭಾಷಣದಲ್ಲಿ, ವರ್ಷವರ್ಷವೂ ಮಿಗುತ್ತಿದ್ದ ಹಣವನ್ನೇ ಮುಂದಿಟ್ಟು, ಮಿಗತೆಯಿರುವಾಗ ಬಡವನ ಉಪ್ಪಿನ ಮೇಲೆ ಇಷ್ಟು ಭಾರವೇಕೆಂದು ವಾದಿಸಿದರು. ಈ ವಾದ ವ್ಯರ್ಥವಾಯಿತೆಂದು ಭಾವಿಸುವುದು ರೂಢಿ. ಆದರೆ ದರಗಳ ಪಟ್ಟಿ ಬೇರೆಯೇ ಕಥೆಯನ್ನು ಹೇಳುತ್ತದೆ. ಎರಡೂವರೆ ರೂಪಾಯಿಯಿದ್ದ ಕರ ೧೯೦೩ರಲ್ಲಿ ೨ ರೂಪಾಯಿಗೆ, ೧೯೦೫ರಲ್ಲಿ ಒಂದೂವರೆ ರೂಪಾಯಿಗೆ, ೧೯೦೭ರಲ್ಲಿ ೧ ರೂಪಾಯಿಗೆ ಇಳಿಯಿತು. ಗೋಖಲೆಯವರ ಅಂಕಿಗಳೊಂದೇ ಇದಕ್ಕೆ ಕಾರಣವಲ್ಲದಿದ್ದರೂ, ಅವುಗಳನ್ನು ಬಲ್ಲವರು ಆಲಿಸಿದರೆಂಬುದರಲ್ಲಿ ಸಂದೇಹವಿಲ್ಲ. ಅಂಕಿಗಳ ಮಾತನ್ನು ಅಂಕಿಗಳಲ್ಲಿ ಯೋಚಿಸುವವನಿಗೆ ಹೇಳಿದರೆ ಅದು ತಲಪುತ್ತದೆ. ಅದರ ಕೊರತೆ ಬೇರೆಯದು: ಕರ ತೆರುವವನು ಆ ಸಂವಾದದಲ್ಲಿ ಎಲ್ಲಿಯೂ ಇಲ್ಲ. ಇಬ್ಬರು ತಿಳಿದವರು ಮೂರನೆಯವನ ಹಿತವನ್ನು ಕುರಿತು ಮಾತನಾಡುತ್ತಿದ್ದಾರೆ. ಆದುದರಿಂದಲೇ ೧೯೧೬ರಲ್ಲಿ ದರ ಮತ್ತೆ ೧ ರೂಪಾಯಿ ೪ ಆಣೆಯಾದಾಗಲೂ, ೧೯೨೩ರಲ್ಲಿ ಶಾಸನಸಭೆಯ ವಿರೋಧವನ್ನು ಮೀರಿ ರೀಡಿಂಗ್ ಪ್ರಭು ತನ್ನ ವಿಶೇಷಾಧಿಕಾರದಿಂದ ಅದನ್ನು ಎರಡೂವರೆ ರೂಪಾಯಿಗೆ ಇಮ್ಮಡಿಸಿದಾಗಲೂ ಸದ್ದು ಸಭೆಯ ಗೋಡೆಗಳಾಚೆಗೆ ಹೆಚ್ಚಾಗಿ ಕೇಳಿಸಲಿಲ್ಲ. ಮರುವರ್ಷ ಅದು ಹಿಂದಿನ ದರಕ್ಕೆ ಇಳಿದು ಅಲ್ಲಿಯೇ ನಿಂತಿತು.

ಹೀಗಿರಲು ೧೯೩೦ನೆಯ ಇಸವಿ ಬಂದಿತು. ಲಾಹೋರ್ ಕಾಂಗ್ರೆಸ್ಸು ಪೂರ್ಣಸ್ವರಾಜ್ಯದ ನಿರ್ಣಯವನ್ನು ಮಾಡಿತ್ತು. ಜನವರಿ ೨೬ರಂದು ದೇಶದಲ್ಲೆಲ್ಲ ಪ್ರತಿಜ್ಞಾವಿಧಿ ನಡೆದಿತ್ತು. ಅದಾದ ಕೆಲವೇ ದಿನಗಳಲ್ಲಿ ಗಾಂಧೀಜಿಯವರು ‘ಯಂಗ್ ಇಂಡಿಯಾ’ದಲ್ಲಿ ಹನ್ನೊಂದು ಬೇಡಿಕೆಗಳನ್ನು ಪ್ರಕಟಿಸಿದರು. ಪಾನನಿರೋಧ, ರೂಪಾಯಿಯ ವಿನಿಮಯದರವನ್ನು ೧ ಷಿಲ್ಲಿಂಗ್ ೪ ಪೆನ್ಸಿಗೆ ಇಳಿಸುವುದು, ಭೂಕಂದಾಯವನ್ನೂ ಸೈನ್ಯದ ವೆಚ್ಚವನ್ನೂ ಅರ್ಧಕ್ಕೆ ತಗ್ಗಿಸುವುದು, ಉಪ್ಪಿನ ಕರದ ರದ್ದು, ಮೇಲಧಿಕಾರಿಗಳ ಸಂಬಳದ ಕಡಿತ, ವಿದೇಶೀ ಬಟ್ಟೆಯ ಮೇಲೆ ರಕ್ಷಣಾ ಸುಂಕ ಮೊದಲಾದುವು ಅದರಲ್ಲಿದ್ದವು. ಸ್ವಾತಂತ್ರ್ಯದ ಮಾತಾಡುತ್ತಿದ್ದವರಿಗೆ ಈ ಪಟ್ಟಿ ನಿರಾಶೆಯನ್ನುಂಟುಮಾಡಿತು. ಜವಾಹರಲಾಲ ನೆಹರೂ ತಮ್ಮ ಗೊಂದಲವನ್ನು ಆತ್ಮಕಥೆಯಲ್ಲಿ ಮುಚ್ಚಿಟ್ಟಿಲ್ಲ. ಪಟ್ಟಿಯಿಂದ ಉಪ್ಪನ್ನು ಹೊರತೆಗೆದು ಅದೊಂದನ್ನೇ ಹೋರಾಟದ ತಿರುಳಾಗಿ ಮಾಡಿದಾಗಲಂತೂ ವಿಸ್ಮಯ ಇನ್ನೂ ಹೆಚ್ಚಿತು. ಉಪ್ಪಿನ ಚಳವಳಿಯಿಂದ ತನ್ನ ನಿದ್ರೆಗೇನೂ ಭಂಗವಿಲ್ಲವೆಂಬ ಅರ್ಥದಲ್ಲಿ ಇರ್ವಿನ್ ಪ್ರಭು ಲಂಡನ್ನಿಗೆ ಬರೆದನು.

ಆ ಹನ್ನೊಂದರಲ್ಲಿ ಬೇರಾವುದನ್ನು ಎತ್ತಿಕೊಂಡಿದ್ದರೆ ಏನಾಗುತ್ತಿತ್ತೆಂದು ಯೋಚಿಸುವುದು ಲಾಭಕರ. ರೂಪಾಯಿಯ ದರವನ್ನು ನೋಡೋಣ. ೧೯೨೭ರ ಶಾಸನ ಅದನ್ನು ೧ ಷಿಲ್ಲಿಂಗ್ ೬ ಪೆನ್ಸಿಗೆ ಕಟ್ಟಿಹಾಕಿದ್ದರಿಂದ ನಮ್ಮ ರಫ್ತಿಗೆ ಪೆಟ್ಟು, ಆಮದಿಗೆ ಅನುಕೂಲವೆಂದು ಪುರುಷೋತ್ತಮದಾಸ ಠಾಕೂರದಾಸರಂಥ ವ್ಯಾಪಾರಿಗಳು ಬಲವಾಗಿ ವಾದಿಸಿದ್ದರು. ಬೆಳೆ ಮಾರುವ ರೈತನಿಗೂ ಇದರಿಂದ ನಷ್ಟವೇ. ಆದರೆ ಎರಡು ಪೆನ್ಸಿನ ಅಂತರ ತನ್ನ ಹತ್ತಿಯ ಬೆಲೆಯನ್ನು ಹೇಗೆ ತಗ್ಗಿಸುತ್ತದೆಂದು ರೈತನಿಗೆ ತಿಳಿಯಹೇಳಲು ಒಂದು ಪಾಠಶಾಲೆಯೇ ಬೇಕಾದೀತು. ಇನ್ನು ಭೂಕಂದಾಯ. ಹೊರೆಯ ದೃಷ್ಟಿಯಿಂದ ಅದು ಉಪ್ಪಿನ ಕರಕ್ಕಿಂತ ಎಷ್ಟೋ ಪಾಲು ದೊಡ್ಡದು. ಸ್ವಾತಂತ್ರ್ಯ ಪ್ರತಿಜ್ಞೆಯೇ ನೂರಕ್ಕೆ ೨೦ ಭಾಗ ಕಂದಾಯದಿಂದ, ೩ ಭಾಗ ಉಪ್ಪಿನಿಂದ ಎಂದು ಲೆಕ್ಕ ಕೊಟ್ಟಿತ್ತು. ಆದರೂ ಕಂದಾಯದ ಮಾತೆತ್ತಿದೊಡನೆ ಜಮೀನುದಾರನೊಬ್ಬ, ಗೇಣಿದಾರನೊಬ್ಬ, ಕೂಲಿಯವನೊಬ್ಬ ಎಂದು ಊರು ಮೂರಾಗುತ್ತದೆ. ಉಪ್ಪು ಯಾರನ್ನೂ ಒಡೆಯುವುದಿಲ್ಲ. ಹೊರೆಯಲ್ಲಿ ಚಿಕ್ಕದಾದದ್ದು ವಾದದಲ್ಲಿ ದೊಡ್ಡದಾಗಬಲ್ಲದು. ಅರ್ಥಶಾಸ್ತ್ರಜ್ಞನು ಪ್ರಮಾಣವನ್ನು ನೋಡುತ್ತಾನೆ. ಗಾಂಧೀಜಿಯವರು ನೋಡಿದ್ದು ಯಾವ ಕರದಲ್ಲಿ ಅನ್ಯಾಯದ ಆಕಾರ ಬರಿಗಣ್ಣಿಗೆ ಕಾಣಿಸುತ್ತದೆ ಎಂಬುದನ್ನು.

ಈ ವಾದದ ಅತ್ಯಂತ ಪರಿಷ್ಕೃತ ರೂಪ ೧೯೩೦ನೆಯ ಮಾರ್ಚ್ ೨ರಂದು ಅವರು ಇರ್ವಿನ್ನನಿಗೆ ಬರೆದ ಪತ್ರದಲ್ಲಿದೆ. ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ತರುಣನ ಕೈಯಲ್ಲಿ ಅದನ್ನು ಕಳುಹಿಸಲಾಯಿತು. ಹೋರಾಟ ಇಂಗ್ಲಿಷರೆಂಬ ಜನರ ಮೇಲಲ್ಲ ಎಂಬುದನ್ನು ಓಲೆಕಾರನ ಮುಖವೇ ಹೇಳುವಂತಿತ್ತು. ಪತ್ರ ವೈಸ್‌ರಾಯನನ್ನು ಪ್ರಿಯ ಮಿತ್ರನೆಂದು ಸಂಬೋಧಿಸುತ್ತದೆ. ಅದರಲ್ಲಿ ಅಂಕಿಗಳಿಗೇನೂ ಬಡತನವಿಲ್ಲ. ಆದರೆ ಅವು ಗೋಖಲೆಯವರ ಅಂಕಿಗಳಂತೆ ಖಜಾನೆಯ ಲೆಕ್ಕಪುಸ್ತಕದಿಂದ ಬಂದುವಲ್ಲ. ವೈಸ್‌ರಾಯನ ಸಂಬಳ ತಿಂಗಳಿಗೆ ೨೧,೦೦೦ ರೂಪಾಯಿ, ಎಂದರೆ ದಿನಕ್ಕೆ ೭೦೦ ರೂಪಾಯಿಗೂ ಮಿಗಿಲು. ಭಾರತೀಯನ ಸರಾಸರಿ ಆದಾಯ ದಿನಕ್ಕೆ ೨ ಆಣೆಗೂ ಕಡಮೆ. ಅನುಪಾತ ಐದು ಸಾವಿರಕ್ಕೂ ಮೇಲೆ. ಇಂಗ್ಲೆಂಡಿನಲ್ಲಿಯಾದರೋ ಪ್ರಧಾನಿಗೆ ದಿನಕ್ಕೆ ೧೮೦ ರೂಪಾಯಿ, ಪ್ರಜೆಗೆ ಸುಮಾರು ೨ ರೂಪಾಯಿ. ಅಲ್ಲಿ ಅಂತರ ತೊಂಬತ್ತು ಪಟ್ಟು ಮಾತ್ರ. ಈ ಹೋಲಿಕೆಯನ್ನು ಮುಂದಿಟ್ಟ ಮೇಲೆ, ನೋವಾಗುವಂಥ ವೈಯಕ್ತಿಕ ದೃಷ್ಟಾಂತವನ್ನು ತೆಗೆದುಕೊಂಡದ್ದಕ್ಕೆ ಕ್ಷಮೆ ಕೋರಿ, ಆ ಸಂಬಳವೆಲ್ಲ ಬಹುಶಃ ದಾನಕ್ಕೇ ಹೋಗುತ್ತಿರಬಹುದೆಂದೂ, ಹೀಗೆ ಕೊಡಮಾಡುವ ವ್ಯವಸ್ಥೆಯೇ ತಪ್ಪೆಂದೂ ಅವರು ಬರೆಯುತ್ತಾರೆ. ಮನುಷ್ಯನನ್ನು ಬಿಟ್ಟು ವ್ಯವಸ್ಥೆಯನ್ನು ಹಿಡಿಯುವ ಈ ಎಚ್ಚರಿಕೆ ಮೇಲ್ನೋಟಕ್ಕೆ ಸೌಜನ್ಯದಂತೆ ತೋರಿದರೂ ವಾದದ ಅಂಗವೇ ಆಗಿದೆ. ಬೈಗುಳವಿದ್ದಿದ್ದರೆ ಓದುಗನು ಬೈದವನನ್ನೂ ಬೈಸಿಕೊಂಡವನನ್ನೂ ತೂಗಿನೋಡುತ್ತಿದ್ದನು. ಇಲ್ಲಿ ತೂಗಿನೋಡಲು ಉಳಿಯುವುದು ೭೦೦ ರೂಪಾಯಿ ಮತ್ತು ೨ ಆಣೆ.

ಉಪ್ಪಿನ ಕರವನ್ನು ಕುರಿತು ಪತ್ರ ಹೇಳುವುದು ಚಿಕ್ಕದು. ಬಡವನು ಶ್ರೀಮಂತನಿಗಿಂತ ಹೆಚ್ಚು ಉಪ್ಪು ತಿನ್ನಬೇಕಾದವನು. ಆದ್ದರಿಂದ ಈ ಕರ ಅವನ ಮೇಲೆಯೇ ಹೆಚ್ಚು ಬೀಳುತ್ತದೆ. ಬಡವನ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಅನ್ಯಾಯದ ಕರ ಇನ್ನೊಂದಿಲ್ಲ. ಇದರ ಬಲವನ್ನರಿಯಲು ನಾವೇ ಒಂದು ಲೆಕ್ಕ ಹಾಕಬಹುದು. ಮಣಕ್ಕೆ ೨೦ ಆಣೆಯಂತೆ, ಒಬ್ಬನು ವರ್ಷಕ್ಕೆ ೧೨ ಪೌಂಡು ಉಪ್ಪು ಬಳಸುವನೆಂದು ಹಿಡಿದರೆ, ಅವನು ತೆರುವ ಕರ ಸುಮಾರು ೩ ಆಣೆ. ವರ್ಷಕ್ಕೆ ಮೂರೇ ಆಣೆ ಎಂದರೆ ಯಾರಿಗಾದರೂ ನಗು ಬರಬಹುದು. ಅದನ್ನೇ ದಿನಕ್ಕೆ ೨ ಆಣೆ ಕಾಣದವನ ಒಂದೂವರೆ ದಿನದ ದುಡಿಮೆ ಎಂದು ಹೇಳಿದರೆ ನಗು ನಿಲ್ಲುತ್ತದೆ. ಎರಡು ಹೇಳಿಕೆಗಳೂ ನಿಜ, ಎರಡರಲ್ಲಿಯೂ ಒಂದೇ ಅಂಕಿ. ಒಂದು ಅದನ್ನು ರೂಪಾಯಿಯ ಪಕ್ಕದಲ್ಲಿಡುತ್ತದೆ, ಇನ್ನೊಂದು ಬೆವರಿನ ಪಕ್ಕದಲ್ಲಿಡುತ್ತದೆ. ಮೌಲ್ಯದ ನೆಲೆಯಿಂದ ಮಾತನಾಡುವುದೆಂದರೆ ಅಂಕಿಯನ್ನು ಬಿಡುವುದಲ್ಲ, ಅದನ್ನು ಯಾವುದರ ಪಕ್ಕದಲ್ಲಿಡಬೇಕೆಂದು ತಿಳಿಯುವುದು.

ಇಲ್ಲಿ ಭಾಷೆಯ ಮಾತನ್ನೂ ಎತ್ತಬೇಕು. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿದೆ. ಹಿಂದುಸ್ಥಾನಿಯಲ್ಲಿ ನಿಷ್ಠನಾದವನು ನಮಕ್ ಹಲಾಲ್, ದ್ರೋಹಿಯಾದವನು ನಮಕ್ ಹರಾಮ್. ಅನ್ನದಾತನ ಉಪ್ಪು ತಿಂದವನು ಅವನಿಗೆ ಋಣಿಯೆಂಬ ಭಾವನೆ ಸಿಪಾಯಿಯಿಂದ ಮನೆಯಾಳಿನವರೆಗೆ ವ್ಯಾಪಿಸಿತ್ತು. ಆಳುವವರಿಗೆ ಅದು ಅನುಕೂಲವಾಗಿಯೂ ಇತ್ತು. ಇಂಥ ಉಪ್ಪಿನ ಮೇಲೆಯೇ ಸರಕಾರ ಕರವಿಟ್ಟಿದೆ, ಕಡಲು ಕೊಟ್ಟದ್ದನ್ನು ತಾನು ಕೊಡುವುದೂ ಇಲ್ಲ, ಜನರು ತೆಗೆದುಕೊಳ್ಳಲು ಬಿಡುವುದೂ ಇಲ್ಲ, ತಾನಾಗಿ ಕಟ್ಟಿದ ಉಪ್ಪನ್ನು ನೌಕರರ ಕೈಯಿಂದ ಹಾಳುಮಾಡಿಸುತ್ತದೆ ಎಂದು ಹೇಳಿದಾಗ ಋಣದ ದಿಕ್ಕೇ ತಿರುಗಿತು. ಯಾರ ಉಪ್ಪನ್ನು ಯಾರು ತಿನ್ನುತ್ತಿದ್ದಾರೆಂಬ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಗಾಂಧೀಜಿಯವರು ಇಷ್ಟನ್ನೂ ಮೊದಲೇ ಎಣಿಸಿದ್ದರೆಂದು ನಾನು ಹೇಳಲಾರೆ. ಉಪ್ಪಿನ ಕರ ಅನ್ಯಾಯವೆಂದು ಅವರು ೧೯೦೯ರ ‘ಹಿಂದ್ ಸ್ವರಾಜ್’ನಲ್ಲಿಯೇ ಹೇಳಿದ್ದರು, ಬಹುಕಾಲ ಮನಸ್ಸಿನಲ್ಲಿದ್ದ ವಿಷಯ ತಕ್ಕ ಸಮಯಕ್ಕೆ ತಕ್ಕ ಮಾತನ್ನು ಹುಡುಕಿಕೊಂಡಿತೆನ್ನುವುದು ಹೆಚ್ಚು ಸರಿಯೆಂದು ತೋರುತ್ತದೆ.

ಮಾತಿನಷ್ಟೇ ಮುಖ್ಯವಾದದ್ದು ಮಾತಾಡುವವನ ನಡತೆ. ಮಾರ್ಚ್ ೧೨ರಂದು ಸಾಬರಮತಿಯಿಂದ ಹೊರಟು, ೨೪೧ ಮೈಲಿ ನಡೆದು, ಏಪ್ರಿಲ್ ೫ರಂದು ದಂಡಿಯನ್ನು ಸೇರಿದ ಯಾತ್ರೆಯ ನಡುವೆ ಭಾಟ್‌ಗಾಮ್ ಎಂಬ ಹಳ್ಳಿಯಲ್ಲಿ ಗಾಂಧೀಜಿಯವರು ಮಾಡಿದ ಭಾಷಣವನ್ನು ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಯಾತ್ರಿಕರಿಗಾಗಿ ಹಾಲು ತರಕಾರಿಗಳು ದೂರದಿಂದ ವಾಹನದಲ್ಲಿ ಬರುತ್ತಿದ್ದುವು. ರಾತ್ರಿಯ ನಡಿಗೆಗೆ ಬೆಳಕಾಗಲೆಂದು ಕೂಲಿಯವನೊಬ್ಬನು ಭಾರವಾದ ಕಿಟ್ಸನ್ ದೀಪವನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದನು. ಇದನ್ನು ಕಂಡು ಅವರು ತಮ್ಮನ್ನೂ ಸಂಗಡಿಗರನ್ನೂ ಬಹಿರಂಗವಾಗಿ ಖಂಡಿಸಿಕೊಂಡರು. ಜನರ ಸರಾಸರಿ ಆದಾಯದ ಎಷ್ಟೋ ಪಟ್ಟು ಖರ್ಚನ್ನು ನಾವೇ ಮಾಡಿಸುತ್ತಿದ್ದರೆ ವೈಸ್‌ರಾಯನ ಸಂಬಳವನ್ನು ಟೀಕಿಸುವ ಅಧಿಕಾರ ನಮಗೆಲ್ಲಿಯದು ಎಂಬುದು ಅವರ ಪ್ರಶ್ನೆ. ಪತ್ರದಲ್ಲಿ ಬಳಸಿದ ಅಳತೆಗೋಲನ್ನೇ ಇಲ್ಲಿ ತಮ್ಮ ಮೇಲೆ ಹಿಡಿದಿದ್ದಾರೆ. ವಾದದ ತರ್ಕ ಎಷ್ಟೇ ಸರಿಯಿದ್ದರೂ, ಆ ದೀಪ ಹೊತ್ತವನನ್ನು ಕಂಡ ಹಳ್ಳಿಯವನಿಗೆ ಅದು ಸುಳ್ಳಾಗುತ್ತಿತ್ತು.

ಈ ವಾದದಲ್ಲಿಯೂ ಕುರುಡುಜಾಗಗಳಿದ್ದುವು. ಉಪ್ಪನ್ನು ದಿನವೂ ಕೈಯಲ್ಲಿ ಹಿಡಿಯುವವಳು ಹೆಂಗಸು. ಆದರೆ ಯಾತ್ರೆಯ ತಂಡದಲ್ಲಿ ಹೆಂಗಸರಿರಲಿಲ್ಲ. ಅವರಿಗೆ ಮದ್ಯದಂಗಡಿ ಹಾಗೂ ವಿದೇಶೀ ಬಟ್ಟೆಯಂಗಡಿಗಳ ಪಿಕೆಟಿಂಗನ್ನು ಗೊತ್ತುಮಾಡಲಾಗಿತ್ತು. ಇದನ್ನು ನೇರವಾಗಿ ಆಕ್ಷೇಪಿಸಿದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಪ್ರಮುಖರು. ಮುಂದೆ ಅವರು ಮುಂಬಯಿಯಲ್ಲಿ ಕಾನೂನು ಮುರಿದು ಮಾಡಿದ ಉಪ್ಪಿನ ಪೊಟ್ಟಣಗಳನ್ನು ಷೇರುಪೇಟೆಯ ಬಳಿ ಮಾರಿದರು. ಉಪ್ಪಿನ ವಾದ ತನ್ನ ಸಹಜ ಶ್ರೋತೃಗಳನ್ನು ಪೂರ್ತಿಯಾಗಿ ತಲಪಿದ್ದು ಈ ತಿದ್ದುಪಡಿಯ ಬಳಿಕವೇ ಎಂದು ನನ್ನ ಅಭಿಪ್ರಾಯ. ಮುಸಲ್ಮಾನರು ಖಿಲಾಫತ್ ಕಾಲದಷ್ಟು ಸಂಖ್ಯೆಯಲ್ಲಿ ಈ ಚಳವಳಿಗೆ ಸೇರಲಿಲ್ಲ. ವಾಯವ್ಯ ಗಡಿಪ್ರಾಂತದಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರ ಅನುಯಾಯಿಗಳು ಇದಕ್ಕೆ ದೊಡ್ಡ ಅಪವಾದ. ಉಪ್ಪು ಎಲ್ಲ ಮತದವರಿಗೂ ಒಂದೇ. ಹೇಳುವವನಲ್ಲಿ ವಿಶ್ವಾಸ ಎಲ್ಲರಿಗೂ ಒಂದೇ ಆಗಿರಲಿಲ್ಲ.

ಕರ್ನಾಟಕದ ಅನುಭವ ಇನ್ನೊಂದು ಅಂಶವನ್ನು ತಿಳಿಸುತ್ತದೆ. ದಂಡಿಯ ತಂಡದಲ್ಲಿ ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವ ಇದ್ದದ್ದು ಪ್ರಸಿದ್ಧವಾಗಿದೆ. ನಮ್ಮಲ್ಲಿ ಉಪ್ಪಿನ ಶಾಸನಭಂಗ ನಡೆದದ್ದು ೧೯೩೦ರ ಏಪ್ರಿಲ್ ೧೩ರಂದು ಅಂಕೋಲೆಯಲ್ಲಿ, ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ. ಸಾಣಿಕಟ್ಟೆಯಂಥ ಹಳೆಯ ಆಗರಗಳಿರುವ ಆ ಕರಾವಳಿಯಲ್ಲಿ ಉಪ್ಪು ಕಣ್ಣೆದುರಿನ ವಸ್ತು. ಅದನ್ನು ಮುಟ್ಟಬಾರದೆಂಬ ಕಟ್ಟಳೆಯ ಅಸಂಗತತೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಘಟ್ಟದ ಮೇಲೆ ಹಾಗಲ್ಲ. ಅಲ್ಲಿ ಉಪ್ಪು ಅಂಗಡಿಯಿಂದ ಬರುವಂಥದು. ಆದ್ದರಿಂದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಒಳನಾಡಿನಲ್ಲಿ ಹೋರಾಟ ಕಾಡಿನ ಕಾನೂನನ್ನು ಮುರಿಯುವ ರೂಪವನ್ನು ತಾಳಿತು. ಹುಲ್ಲು, ಸೊಪ್ಪು, ಸೌದೆಗಳ ಮೇಲಿನ ನಿರ್ಬಂಧ ಅಲ್ಲಿಯ ರೈತನ ನಿತ್ಯದ ಸಂಕಟ. ಪ್ರಕೃತಿ ಕೊಟ್ಟದ್ದನ್ನು ಬಡವನು ಬಾಳಿಗಾಗಿ ಬಳಸುವುದು ಕಳ್ಳತನವಲ್ಲವೆಂಬ ನಂಬಿಕೆ ಎರಡೂ ಕಡೆ ಒಂದೇ. ಅದು ತೊಟ್ಟ ಉಡುಪು ಬೇರೆ. ದಂಡಿಯ ಮಾತನ್ನು ಅಕ್ಷರಶಃ ನಕಲು ಮಾಡದೆ ತಮ್ಮ ನೆಲದ ವಸ್ತುವನ್ನು ಹುಡುಕಿಕೊಂಡ ಈ ಕಾರ್ಯಕರ್ತರ ವಿವೇಕವನ್ನು ಕುರಿತು ಸ್ವತಂತ್ರವಾದ ಅಧ್ಯಯನ ನಡೆಯಬೇಕಾಗಿದೆ.

ಸರಕಾರದ ಉತ್ತರವೇನು? ಗಾಂಧೀಜಿಯವರ ದೀರ್ಘ ಪತ್ರಕ್ಕೆ ವೈಸ್‌ರಾಯನ ಕಾರ್ಯದರ್ಶಿಯಿಂದ ಬಂದದ್ದು, ಶಾಸನಭಂಗವನ್ನೂ ಶಾಂತಿಭಂಗವನ್ನೂ ಉಂಟುಮಾಡುವ ಮಾರ್ಗವನ್ನು ಹಿಡಿಯುತ್ತಿರುವುದಕ್ಕೆ ವಿಷಾದವೆಂಬ ಚುಟುಕಾದ ಮರುತ್ತರ. ಕಾನೂನು, ಶಾಂತಿ ಎಂಬುವೂ ಮೌಲ್ಯಗಳೇ, ಜನರು ಅವನ್ನು ಬೆಲೆಯುಳ್ಳವೆಂದು ಎಣಿಸುವುದೂ ನಿಜವೇ. ಆದರೆ ಕರ ನ್ಯಾಯವಾದದ್ದೇ ಎಂದು ಕೇಳಿದವನಿಗೆ ಕಾನೂನು ಮುರಿಯಬೇಡವೆಂದು ಹೇಳಿದರೆ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆರ್ಗೈಲನ ಹಳೆಯ ವಾದವನ್ನಾದರೂ ಯಾರೂ ಜನರ ಮುಂದೆ ಬಿಡಿಸಿ ಹೇಳಲಿಲ್ಲ. ಮೇ ತಿಂಗಳ ಮೊದಲ ವಾರದಲ್ಲಿ ೧೮೨೭ರ ಹಳೆಯ ರೆಗ್ಯುಲೇಷನ್ ಒಂದರ ಮೇಲೆ ಗಾಂಧೀಜಿಯವರನ್ನು ವಿಚಾರಣೆಯಿಲ್ಲದೆ ಬಂಧಿಸಲಾಯಿತು. ಮೇ ೨೧ರಂದು ಧರಾಸಣದ ಉಪ್ಪಿನ ಆಗರದೆದುರು ಕೈಯೆತ್ತದ ಸತ್ಯಾಗ್ರಹಿಗಳ ಮೇಲೆ ಬಿದ್ದ ಲಾಠಿಗಳ ವರದಿಯನ್ನು ಅಮೆರಿಕದ ಪತ್ರಕರ್ತ ವೆಬ್ ಮಿಲ್ಲರ್ ಹೊರಜಗತ್ತಿಗೆ ಕಳುಹಿಸಿದನು. ಅಲ್ಲಿಂದ ಮುಂದಿನದು ಸುವಿದಿತ.

ಇಷ್ಟಾಗಿ ಕರದ ಗತಿಯೇನಾಯಿತು? ೧೯೩೧ರ ಮಾರ್ಚ್ ೫ರ ಗಾಂಧಿ-ಇರ್ವಿನ್ ಒಪ್ಪಂದ ಉಪ್ಪಿನ ಶಾಸನವನ್ನು ರದ್ದುಮಾಡಲಿಲ್ಲ. ಉಪ್ಪು ದೊರೆಯುವ ಅಥವಾ ಮಾಡಬಹುದಾದ ಪ್ರದೇಶದ ಹಳ್ಳಿಯವರು ಮನೆಬಳಕೆಗೂ ಆ ಹಳ್ಳಿಗಳೊಳಗಿನ ಮಾರಾಟಕ್ಕೂ ಉಪ್ಪು ಮಾಡಿಕೊಳ್ಳಬಹುದೆಂಬ ಸಣ್ಣ ರಿಯಾಯತಿ ಮಾತ್ರ ದೊರಕಿತು. ಅರುವತ್ತು ಸಾವಿರಕ್ಕೂ ಹೆಚ್ಚು ಜನ ಸೆರೆಮನೆ ಕಂಡ ಚಳವಳಿಯಿಂದ ದರ ಇಳಿದದ್ದು ಗೋಖಲೆಯವರ ಕಾಲದಷ್ಟೂ ಅಲ್ಲ. ಜನರ ಮನಸ್ಸನ್ನು ಒಲಿಸುವುದೂ ನೀತಿಯನ್ನು ಬದಲಿಸುವುದೂ ಒಂದೇ ಕಾರ್ಯವಲ್ಲ. ಒಂದರ ಅಳತೆಯಿಂದ ಇನ್ನೊಂದನ್ನು ಅಳೆದ ಬರಹಗಳು ನಮ್ಮಲ್ಲಿ ಬೇಕಾದಷ್ಟಿವೆ. ಕೊನೆಗೆ ೧೯೪೭ರಲ್ಲಿ, ಅಧಿಕಾರ ಕೈಬದಲಾಗುವುದಕ್ಕೆ ಕೆಲವು ತಿಂಗಳ ಮುಂಚೆ, ಮಧ್ಯಂತರ ಸರಕಾರದ ಆಯವ್ಯಯದಲ್ಲಿ ಉಪ್ಪಿನ ಕರ ರದ್ದಾಯಿತು. ಆರು ವರ್ಷಗಳ ಬಳಿಕ, ೧೯೫೩ರಲ್ಲಿ, ಸ್ವತಂತ್ರ ಭಾರತದ ಸಂಸತ್ತು ಉಪ್ಪಿನ ಉದ್ಯಮದ ಅಭಿವೃದ್ಧಿಗೆಂದು ಅದೇ ಉಪ್ಪಿನ ಮೇಲೆ ಸಣ್ಣದೊಂದು ಸೆಸ್ಸನ್ನು ವಿಧಿಸಿತು. ಅದು ಆರು ದಶಕಗಳಿಗೂ ಹೆಚ್ಚು ಕಾಲ ಶಾಸನಪುಸ್ತಕದಲ್ಲಿದ್ದು ಈಚೆಗೆ ರದ್ದಾಗಿದೆ. ಈ ದೀರ್ಘಾವಧಿಯಲ್ಲಿ ಅದರ ವಿರುದ್ಧ ೧೯೩೦ರಂಥ ಚಳವಳಿಯೇನೂ ಹುಟ್ಟಲಿಲ್ಲ.